ಅರಿಶಿನಕ್ಕೂ ನೀಲಿ ಕೋಟು

ನ್ಯಾಮತಿ ಬಸ್‌ಸ್ಟ್ಯಾಂಡ್ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಯುತ್ತೇನೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ನಾನು ತುಂಬಿದ ಅರ್ಜಿ ಹನ್ನೆರಡು ವರ್ಷದಲ್ಲಿ ಒಂದೂ ವಾಪಸ್ ಬಂದಿಲ್ಲ. ಹಾಗಾಗಿ ಹೆಂಡತಿ ಶಶಿಕಲಾ, ಮೂರು ತಿಂಗಳ ಬಸುರಿ, ಐರ್ಲೆಂಡಿನ ನರ್ಸ್ ಕೆಲಸಕ್ಕೆ ಮರಳುವಾಗ ನನ್ನ ವೀಸಾಕ್ಕೆ ಏಜೆಂಟನನ್ನು ಹಿಡಿಯೋಣ ಎಂದದ್ದು ನನಗೆ ಅವಮಾನವಾಗಿ ಕಂಡಿತು. ಏಜೆಂಟ್ ಯಾಕೆ, ನಾನಿಲ್ಲವೆ? ಹೆರಿಗೆಯ ಹೊತ್ತಿಗೆ ಪಕ್ಕದಲ್ಲಿರುತ್ತೇನೆ ಎಂದು ಮಾತು ಕೊಟ್ಟೆ.

ಅರ್ಜಿಯ ಜೊತೆ ಮದುವೆಯ ಆರು ಫೋಟೊ ಇಡಬೇಕಿತ್ತು. ತೊಡಕಾದದ್ದೇ ಅಲ್ಲಿ. ಫ್ಲ್ಯಾಶ್ ಮಿಂಚಿದರೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಜಗಳೂರಿನಲ್ಲಾದ ನಮ್ಮ ಮದುವೆಯಲ್ಲಿ ಅರಿಶಿನದಿಂದ ಊಟದವರೆಗೆ ನಾನು ನಿದ್ದೆಯಲ್ಲೇ ಇದ್ದಂತಿದೆ. ನೋಡಿದವರು ಬಲವಂತದ ಮದುವೆ ಎಂದುಕೊಂಡಾರು!

ಮದ್ದು ಕಂಪ್ಯೂಟರಿನಲ್ಲೇ ಇತ್ತು. ಯಾರು ಬನಿಯನ್ನಿನಲ್ಲಿ ಬಂದರೂ ಅವರ ಕುತ್ತಿಗೆಯ ಕೆಳಗೆ ನಾನು ಒಂದು ನೀಲಿ ಕೋಟು, ಕೆಂಪು ಟೈ ಅಂಟಿಸುತ್ತೇನೆ. ಸವಳಂಗದಿಂದ ಸಾಸ್ವೆಹಳ್ಳಿಯವರೆಗೆ ಅರ್ಧ ಜನ ತೊಟ್ಟಿರುವುದು ಅದೇ ಕೋಟು. ಹಗಲು ಬೆಳಕಿನಲ್ಲಿ ಕಣ್ಣು ಬಿಟ್ಟು ತೆಗೆಸಿಕೊಂಡ, ಅದೇ ಕೋಟಿನ ನನ್ನ ಫೋಟೊವೂ ಒಂದಿತ್ತು. ಮದುವೆಯ ಆರೂ ಫೋಟೊದಲ್ಲಿ ನನ್ನ ಮುಖದ ಮೇಲೆ ಅದನ್ನೇ ಅಂಟಿಸಿದೆ!

ನಾಲ್ಕು ತಿಂಗಳು ಸುದ್ದಿಯಿಲ್ಲ. ಯಾವಾಗ ನೋಡಿದರೂ 'ಪರಿಶೀಲನೆಯಲ್ಲಿದೆ'. ಮಾವನವರು ದಿನಾ ಬೆಳಿಗ್ಗೆ ಫೋನ್ ಮಾಡಿ, ಹೊರಡೋದು ಯಾವಾಗ ಅಂತ ಕೇಳೋರು. ತ್ಯಾವಣಿಗೆಯಿಂದ ರೇಷನ್ ಕಾರ್ಡಿಗೆ ಬಂದಿದ್ದ ಹಿರಿಯರೊಬ್ಬರು ನನ್ನ ಕಥೆ ಕೇಳಿ, ಕಾಗದವನ್ನೆಲ್ಲ ಮಡಚಿಕೊಂಡು ಎದ್ದರು. "ನಿಮ್ದೇ ಆಗಿಲ್ಲ ಅಂದ್ರೆ ನಮ್ದು ಹೆಂಗಾಗ್ತೈತ್ರಿ?"

ಕಡೆಗೆ ವೀಸಾ ಕಚೇರಿಯಿಂದ ಒಂದು ಪತ್ರ ಬಂತು. ವರನು ಅರಿಶಿನ ಹಚ್ಚಿಸಿಕೊಳ್ಳುವಾಗ, ತಾಳಿ ಕಟ್ಟುವಾಗ ಮತ್ತು ಊಟ ಮಾಡುವಾಗ ಒಂದೇ ಕೋಟಿನಲ್ಲಿ ಒಂದೇ ನಗು ನಗುತ್ತಿರುವುದೇಕೆ? ಕೋಟಿನ ತೋಳುಗಳೆಲ್ಲಿ? ಸದರಿ ವರನು ಮದುವೆಗೆ ಖುದ್ದಾಗಿ ಹಾಜರಿದ್ದನೆ?

ಬೆವರಿಬಿಟ್ಟೆ. ಆ ದಿನವೇ ಅಸಲಿ ಫೋಟೊ ಕಳಿಸಿದೆ. ಮೂರು ವಾರಕ್ಕೆ ಇನ್ನೊಂದು ಪತ್ರ: ಈ ಕಣ್ಣು ಮುಚ್ಚಿದ ವ್ಯಕ್ತಿ ಯಾರು? ಹೊನ್ನಾಳಿಗೆ ಓಡಿ, ಕೋಟಿನವನೂ ಕಣ್ಣು ಮುಚ್ಚಿದವನೂ ಒಬ್ಬನೇ, ಆ ಒಬ್ಬನು ನಾನೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿದೆ. ನೋಟರಿ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಮತ್ತೆ 'ಪರಿಶೀಲನೆಯಲ್ಲಿದೆ'! ಈ ಪರಿಶೀಲನೆಗೆ ಬೆಂಕಿ ಹಾಕ!

ಅವರು ಪರಿಶೀಲಿಸುತ್ತಲೇ ಇದ್ದರು. ಅಷ್ಟರಲ್ಲಿ ಹೆರಿಗೆಯಾಯಿತು. ನಾನು ಇಲ್ಲಿ ಜೆರಾಕ್ಸ್ ಮೆಷಿನ್ ಪಕ್ಕದಲ್ಲಿ ನಿಂತು ವೀಡಿಯೊ ಕಾಲ್‌ನಲ್ಲಿ ಮಗಳ ಮುಖ ನೋಡಿದೆ. ಕೊಟ್ಟ ಮಾತು ನೆನಪಾಯಿತು. ತಪ್ಪಾಯಿತು ಅಂದೆ. ಶಶಿಕಲಾ ಬೈಯಲಿಲ್ಲ. ಒಂದು ಫೋಟೊ ಕಳಿಸಿದಳು, ಕೂಸು ಅವಳ ಎದೆಯ ಮೇಲೆ ಕಣ್ಣು ಮುಚ್ಚಿಕೊಂಡಿತ್ತು.

"ನಿಮ್ಮಂಗೇ ಐತೆ ನೋಡ್ರಿ. ಫೋಟೊ ಅಂದ್ರೆ ಸಾಕು, ಕಣ್ಣು ಮುಚ್ಚತೈತೆ. ಇದ್ನೇ ಕಳಿಸ್ರಿ ಅವ್ರಿಗೆ, ಇನ್ನೇನ್ ಸಾಕ್ಷಿ ಬೇಕು? ಆದ್ರೆ ಕೋಟು ಮಾತ್ರ ಹಾಕಬ್ಯಾಡ್ರಿ."

ಹಾಗೇ ಕಳಿಸಿದೆ. ಹದಿನೈದನೇ ದಿನಕ್ಕೆ ವೀಸಾ ಬಂತು. ಹನ್ನೆರಡು ವರ್ಷದಲ್ಲಿ ನಾನು ಮೊದಲ ಸಲಕ್ಕೇ ಕೈಯಾಡಿಸದೆ ಕಳಿಸಿದ ಫೋಟೊ ಅದೊಂದೇ.