ತಿಕೋಟಾದವರ ಕೈ, ನನ್ನ ಹೊಟ್ಟೆಕಿಚ್ಚು

ಐದಾರು ಮಂದಿ ಒಂದೇ ಸೂರಿನಡಿ ಕಟ್ಟಿಗೆ ಕಡೆಯಲು ಕುಳಿತರೆ ಕೆಳಗೆ ಹೊಟ್ಟು ಬೀಳುತ್ತದೆ, ಒಳಗೆ ಹೊಟ್ಟೆ ಉರಿಯುತ್ತದೆ. ಎರಡನ್ನೂ ತಡೆಯಲು ಬರುವುದಿಲ್ಲ. ಹೊಟ್ಟನ್ನಾದರೂ ಸಂಜೆಗೆ ಕಸಬರಿಗೆ ಹಿಡಿದು ಗುಡಿಸುತ್ತಿದ್ದೆ. ಇನ್ನೊಂದನ್ನು ಗುಡಿಸುವ ಕಸಬರಿಗೆ ನನಗೆ ಯಾವ ಸಂತೆಯಲ್ಲೂ ಸಿಗಲಿಲ್ಲ.

ನಾನಾಗ ವಿಜಾಪುರದ ಒಂದು ಸಾಲೆಯಲ್ಲಿ ಚಿತ್ರಕಲೆಯ ಮಾಸ್ತರ. ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ರೇಲ್ವೆಯಲ್ಲಿ ಮಿಸ್ತ್ರಿಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದರು. ಅವರ ಹತ್ತಿರ ಒಂದು ಹಳೆಯ ಖರಾದಿ ಯಂತ್ರವಿತ್ತು. ಕಾಲಿನಿಂದ ತುಳಿದರೆ ಕಟ್ಟಿಗೆ ಗರಗರ ತಿರುಗಬೇಕು, ಉಳಿ ಹಿಡಿದರೆ ದುಂಡಗಾಗಬೇಕು. ಅದನ್ನು ಟಾಂಗಾ ನಿಲ್ಲಿಸುತ್ತಿದ್ದ ಒಂದು ತಗಡಿನ ಶೆಡ್ಡಿನಲ್ಲಿಟ್ಟು ಹವ್ಯಾಸಕ್ಕೆಂದು ಖರಾದಿ ಸಂಘ ಕಟ್ಟಿದೆವು. ಹಿರಿಯರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಒಬ್ಬ ವಕೀಲರು, ಒಬ್ಬ ಗಡಿಯಾರ ರಿಪೇರಿಯವರು, ಬಟ್ಟೆ ಹೊಲಿಯುವ ಒಬ್ಬ ಶಿಂಪಿಗೇರರು ಸದಸ್ಯರು. ಕಾರ್ಯದರ್ಶಿ ಎಂದರೆ ಬೀಗ ತೆಗೆಯುವವನು, ಯಂತ್ರಕ್ಕೆ ಎಣ್ಣೆ ಬಿಡುವವನು, ಸಂಜೆ ಕಸ ಹೊಡೆಯುವವನು. ಇರಲಿ, ಕೈಕೆಲಸದಲ್ಲಿ ಮಾತ್ರ ನಾನೇ ಮೊದಲಿಗ ಎಂದು ತಿಳಿದಿದ್ದೆ. ಉಳಿದವರು ಏನು ತಿಳಿದಿದ್ದರೆಂದು ಕೇಳಲು ಹೋಗಿರಲಿಲ್ಲ.

ಸದಸ್ಯತ್ವದ ಬುಗುರಿ

ಸಂಘ ಸೇರಬೇಕಾದರೆ ಒಂದು ಬುಗುರಿ ಕಡೆದು ತೋರಿಸಬೇಕು ಎಂಬುದು ಅಧ್ಯಕ್ಷರ ನಿಯಮ. ಅವರು ಒಂದು ಕಪ್ಪು ಚಹಾ ಕುಡಿದು ಮುಗಿಸುವ ತನಕ ಆ ಬುಗುರಿ ನಿಲ್ಲದೆ ಆಡಬೇಕು. ನನ್ನ ಬುಗುರಿ ಅರ್ಧ ಕಪ್ಪಿಗೇ ಅಡ್ಡ ಬಿದ್ದಿತ್ತು. ಕಾರ್ಯದರ್ಶಿಯಾಗಲು ಬೇರೆ ಯಾರೂ ಒಪ್ಪದ್ದರಿಂದ ನನ್ನನ್ನು ಪಾಸು ಮಾಡಿದ್ದರು.

ಒಂದು ರವಿವಾರ ತಿಕೋಟಾದಿಂದ ಒಬ್ಬರು ಬಂದರು. ಅಲ್ಲಿ ಕಿರಾಣಿ ಅಂಗಡಿ, ನಡುವಯಸ್ಸು, ಮಾತು ಕಮ್ಮಿ. ‘ನನ್ನೂ ಸೇರಿಸ್ಕೋತೀರೇನ್ರಿ’ ಎಂದು ನಾಚಿಕೊಂಡು ಕೇಳಿದರು. ಬೆಲ್ಲ ತೂಗುವ ಕೈ ಏನು ಬುಗುರಿ ಕಡೆದೀತು ಎಂದುಕೊಂಡು ನಾನೇ ಒಂದು ಬೇವಿನ ತುಂಡು ಕೊಟ್ಟೆ. ಬೇಕೆಂದೇ ಗಂಟು ಇದ್ದುದನ್ನೇ ಆರಿಸಿದ್ದೆ.

ಅವರ ಬುಗುರಿ ಆಡತೊಡಗಿತು. ಅಧ್ಯಕ್ಷರ ಚಹಾ ಮುಗಿಯಿತು. ಎಲೆ ಅಡಿಕೆ ಹಾಕಿಕೊಂಡರು. ಸುಣ್ಣ ಕಮ್ಮಿಯಾಯಿತೆಂದು ಇನ್ನಷ್ಟು ಹಚ್ಚಿಕೊಂಡರು. ಬುಗುರಿ ನಿಂತಲ್ಲೇ ನಿದ್ದೆ ಹೋದಂತೆ ತಿರುಗುತ್ತಲೇ ಇತ್ತು. ನನಗೆ ತಡೆಯಲಾಗಲಿಲ್ಲ.

“ಈ ನೆಲಾ ಭಾಳ ನುಣಪ ಐತ್ರಿ. ಇಲ್ಲಿ ಎಂಥಾ ಬುಗುರಿ ಬಿಟ್ರೂ ಆಡತೈತಿ” ಅಂದೆ.

ಅಧ್ಯಕ್ಷರು ಬಾಯಿಯೊಳಗಿನ ಎಲೆಯನ್ನು ಒಂದು ಕಡೆ ಸರಿಸಿ, “ಹಂಗಂದ್ರ ನಿಮ್ಮ ಬುಗುರಿ ಆಡಸೂವಾಗ ನಾವು ಎಲ್ಲಿ ಕುಂತಿದ್ವಿರಿ, ಮಾಸ್ತರ?” ಅಂದರು.

ಹೋಳಿಗೆಯ ನಕಾಶೆ

ತಿಕೋಟಾದವರು ಪ್ರತಿ ರವಿವಾರ ಬರತೊಡಗಿದರು. ಬರಿಗೈಯಲ್ಲಿ ಬಂದವರಲ್ಲ. ಮನೆಯಲ್ಲೂ ಒಂದು ಚಿಕ್ಕ ಖರಾದಿ ಇಟ್ಟುಕೊಂಡಿದ್ದರು. ಅದರ ಮೇಲೆ ಕಡೆದ ಒಂದೊಂದು ಲಟ್ಟಣಿಗೆಯನ್ನು ಎಲ್ಲ ಸದಸ್ಯರ ಮನೆಗೂ ಕೊಟ್ಟರು. ನಮ್ಮ ಮನೆಯಲ್ಲಿ ಅದಾಗಲೇ ನಾನು ಕಡೆದ ಲಟ್ಟಣಿಗೆ ಇತ್ತು. ಹುಣಸೆಯದು, ಭಾರಿ ಗಟ್ಟಿ. ನಡುವೆ ಸ್ವಲ್ಪ ಉಬ್ಬಿತ್ತು, ಅಷ್ಟೇ.

ನನ್ನ ಹೆಂಡತಿ ಹೊಸ ಲಟ್ಟಣಿಗೆಯನ್ನು ಮಣೆಯ ಮೇಲೆ ಎರಡು ಸಲ ಉರುಳಿಸಿದಳು. “ಇದು ಮುಟ್ಟಿದ್ರ ಸಾಕು ನೋಡ್ರಿ, ಹೋಳಿಗಿ ತಾನ ದುಂಡಗಾಗತೈತಿ” ಅಂದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಅವಳ ಮುಖ ಹಾಗೆ ಅರಳಿರಲಿಲ್ಲ. ಅವಳು ನೀರಿಗೆ ಹೋದಾಗ ಆ ಲಟ್ಟಣಿಗೆಯನ್ನು ಟ್ರಂಕಿನಲ್ಲಿ ನನ್ನ ಮದುವೆಯ ಕೋಟಿನ ಕೆಳಗೆ ಬಚ್ಚಿಟ್ಟೆ.

ಹೋಳಿ ಹುಣ್ಣಿವೆ ಬಂತು. ನಮ್ಮ ಹೆಡ್‌ಮಾಸ್ತರರನ್ನು ಊಟಕ್ಕೆ ಕರೆದಿದ್ದೆ. ಹೆಂಡತಿ ಬೆಳಿಗ್ಗೆಯಿಂದ ಮನೆಯೆಲ್ಲ ತಡಕಾಡಿ, ಸಿಗದೆ, ಕಡೆಗೆ ನನ್ನ ಹುಣಸೆಯದನ್ನೇ ಹಿಡಿದಳು. ಎಲೆಗೆ ಮೊದಲನೆಯ ಹೋಳಿಗೆ ಬಿತ್ತು. ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಎರಡನೆಯದು ಬಿತ್ತು.

“ಮಾಸ್ತರ, ಇದು ಸಿಂಹಳ ದ್ವೀಪ ಇದ್ದಂಗ ಐತಿ. ಇದು ಆಫ್ರಿಕಾ. ನಿಮ್ಮ ಮನಿಯವರಿಗೆ ಭೂಗೋಳ ಛಲೋ ಬರತೈತೇನು?”

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿದಳು: “ನಕಾಶೆ ತೆಗೆದವರು ಅವರ್ರಿ. ನಾ ಬರೇ ತುಪ್ಪಾ ಹಚ್ಚೇನಿ.”

ಗುಟ್ಟಿನ ಡಬ್ಬಿ

ಇಷ್ಟಾದ ಮೇಲೆ ಇವರ ಕೈಯಲ್ಲಿ ಏನೋ ಗುಟ್ಟಿದೆ ಎಂದು ಖಾತ್ರಿಯಾಯಿತು. ಅದನ್ನು ಪತ್ತೆ ಮಾಡಲೇಬೇಕೆಂದು ಸಾಲೆಗೆ ಸೂಟಿ ಇದ್ದ ಒಂದು ದಿವಸ ಸೈಕಲ್ ಹತ್ತಿ ತಿಕೋಟಾಕ್ಕೆ ಹೋದೆ. ಎದುರುಗಾಳಿಗೆ ತುಳಿದು ತುಳಿದು ಅಂತೂ ಮುಟ್ಟಿದೆ. ಅಂಗಡಿಯ ಹಿಂದೆ ಅವರು ಕೆಲಸಕ್ಕೆ ಕೂತಿದ್ದರು. ಕೂಗಿ ಕರೆಯುವ ಬದಲು ಗೋಡೆಯ ಮರೆಯಲ್ಲಿ ನಿಂತು ಇಣುಕಿದೆ.

ಅವರು ಒಂದು ಚಿಕ್ಕ ತಗಡಿನ ಡಬ್ಬಿ ತೆಗೆದರು. ಅದರೊಳಗಿನ ಹಳದಿ ಮೇಣದಂಥ ವಸ್ತುವನ್ನು ಬೆರಳ ಸಂದಿಗೆಲ್ಲ ನಿಧಾನಕ್ಕೆ ತಿಕ್ಕಿಕೊಂಡರು. ಆಮೇಲೆ ಉಳಿ ಹಿಡಿದರು. ಕಟ್ಟಿಗೆಯ ಸುರುಳಿ ರೇಶಿಮೆಯ ಎಳೆಯಂತೆ ಹೊರಬಂತು. ಸಿಕ್ಕಿತು ಎಂದುಕೊಂಡೆ.

ಆಮೇಲೆ ಆಗಷ್ಟೇ ಬಂದವನಂತೆ ಒಳಗೆ ಹೋದೆ. ಅವರು ಚಹಾ ಹೇಳಲು ಎದ್ದು ಹೋದಾಗ ಡಬ್ಬಿಯಿಂದ ಒಂದು ಬೆರಳಿನಷ್ಟು ತೆಗೆದು ಕಾಗದದಲ್ಲಿ ಕಟ್ಟಿಕೊಂಡೆ. ಅವರು ಅವಲಕ್ಕಿ ಕೊಟ್ಟರು, ಕಡಲೆಬೇಳೆ ಉಸುಳಿ ಕೊಟ್ಟರು, ಸೈಕಲ್ಲಿಗೆ ಗಾಳಿಯನ್ನೂ ಹೊಡೆದುಕೊಟ್ಟರು. ಅವರ ಒಳ್ಳೆಯತನ ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ರವಿವಾರ ಸಂಘದಲ್ಲಿ ಎಲ್ಲರೆದುರು ಹೇಳಿದೆ: “ಇವತ್ತ ನಾ ಒಂದು ಹೊಸಾ ರೀತಿ ತೋರಸ್ತೇನ್ರಿ. ಕಟಗಿ ಬೆಣ್ಣಿಯಂಗ ಆಗತೈತಿ.” ಕಾಗದ ಬಿಚ್ಚಿ, ಬೆರಳಿಗೂ ಹಚ್ಚಿಕೊಂಡು, ಉಳಿದದ್ದನ್ನು ಕಟ್ಟಿಗೆಗೆ ತಿಕ್ಕಿದೆ. ಯಂತ್ರ ತುಳಿದೆ. ಶೆಡ್ಡಿನ ತುಂಬ ಗಂಧಕದ ವಾಸನೆ ಎದ್ದಿತು. ಉಳಿ ಜಾರಿ ಕಟ್ಟಿಗೆ ಹಾರಿ ವಕೀಲರ ಟೊಪ್ಪಿಗೆ ಬಿತ್ತು.

ತಿಕೋಟಾದವರು ಎದ್ದು ಹತ್ತಿರ ಬಂದರು. ಮುಖದ ತುಂಬ ಕನಿಕರ.

“ಮಾಸ್ತರ, ನಿಮಗೂ ಗಜಕರ್ಣ ಆಗೇತೇನ್ರಿ? ಮೊದಲ ಹೇಳಬಾರದಾ? ಆ ಮುಲಾಮಿನ ಇಡೀ ಡಬ್ಬಿನ ತಂದು ಕೊಡತಿದ್ದೆ.”

ಐದು ಗುಬ್ಬಿ, ಒಂದು ಕಂಬ

ಸ್ವಾತಂತ್ರ್ಯ ಬಂದ ವರ್ಷ ನಮ್ಮ ಓಣಿಯವರು ಧ್ವಜದ ಕಂಬಕ್ಕೆ ತುದಿಯ ಗುಬ್ಬಿ, ಅಂದರೆ ಕಟ್ಟಿಗೆಯ ಗುಂಡು, ಕಡೆದುಕೊಡಲು ಸಂಘಕ್ಕೆ ಹೇಳಿದರು. ಹೊಟ್ಟೆಕಿಚ್ಚು ನನ್ನೊಬ್ಬನ ಸೊತ್ತಲ್ಲ ಎಂದು ನನಗೆ ಅವತ್ತು ತಿಳಿದು ಬಹಳ ಸಮಾಧಾನವಾಯಿತು. ಅಧ್ಯಕ್ಷರು ಒಂದು ಕಡೆದರು. ವಕೀಲರು ಒಂದು. ಗಡಿಯಾರದವರು, ಶಿಂಪಿಗೇರರು, ನಾನು ಒಂದೊಂದು. ಯಾರೂ ಹಿಂದೆ ಸರಿಯಲೊಲ್ಲರು. ‘ನನ್ನದು ಬ್ಯಾಡ್ರಿ, ನಿಮ್ಮದ ಇರಲಿ’ ಅಂದವರು ತಿಕೋಟಾದವರೊಬ್ಬರೇ. ಅದಕ್ಕೂ ನಾನು ಸೊಕ್ಕು ಅಂದೆ.

ಕಡೆಗೆ ಐದನ್ನೂ ಒಂದರ ಮೇಲೊಂದು ಪೋಣಿಸಿ ಕಂಬದ ತುದಿಗೆ ಬಡಿದೆವು. ಧ್ವಜ ಏರಿತು. ಎಲ್ಲರೂ ಕೈ ಮುಗಿದರು. ಪಕ್ಕದಲ್ಲಿದ್ದ ಮುದುಕಿ ತಲೆ ಎತ್ತಿ ಬಹಳ ಹೊತ್ತು ನೋಡಿ, “ಯಪ್ಪಾ, ಛಲೋ ಮಾಡೀರಿ. ಇಷ್ಟು ಲಿಂಬಿಹಣ್ಣ ಕಟ್ಟಿದ್ರ ಯಾವ ಹೊಟ್ಟಿಕಿಚ್ಚಿನವರ ದೃಷ್ಟಿನೂ ತಾಗಂಗಿಲ್ಲ” ಅಂದಳು.

ಬಬಲೇಶ್ವರದ ಬಹುಮಾನ

ಮರುವರ್ಷ ಬಬಲೇಶ್ವರದ ಸಾಲೆಯಲ್ಲಿ ಕೈಕೆಲಸದ ಪ್ರದರ್ಶನ ಇಟ್ಟಿದ್ದರು. ನಮ್ಮ ಸಂಘಕ್ಕೂ ಕರೆ ಬಂತು. ಒಬ್ಬೊಬ್ಬರು ಒಂದೊಂದು ಕಟ್ಟಿಗೆಯ ಬಟ್ಟಲು ಇಡುವುದೆಂದಾಯಿತು. ಅಧ್ಯಕ್ಷರು ಜ್ವರ ಬಂದು ಮಲಗಿದ್ದರು. ಅವರು ಬಂದಿದ್ದರೆ ಮುಂದಿನ ಕೆಲಸಕ್ಕೆ ನನಗೆ ಧೈರ್ಯವಾಗುತ್ತಿರಲಿಲ್ಲ.

ಮೇಜಿನ ಮೇಲೆ ಬಟ್ಟಲು ಜೋಡಿಸಿ ಹೆಸರಿನ ಚೀಟಿ ಇಡುವುದು ಕಾರ್ಯದರ್ಶಿಯ ಕೆಲಸ. ತಿಕೋಟಾದವರ ಬಟ್ಟಲನ್ನು ಕೈಯಲ್ಲಿ ಹಿಡಿದೆ. ಸಾಗವಾನಿಯದು, ಈರುಳ್ಳಿ ಸಿಪ್ಪೆಯಷ್ಟು ತೆಳು. ನನ್ನದರ ಪಕ್ಕಕ್ಕಿಟ್ಟು ನೋಡಿದೆ. ನನ್ನದು ಒಂದು ಸಣ್ಣ ಒರಳಿನಂತಿತ್ತು. ಒಂದು ದಿವಸ, ಒಂದೇ ದಿವಸ, ಆ ಬಟ್ಟಲು ನನ್ನದು ಅನಿಸಿಕೊಳ್ಳಲಿ ಎಂದು ಆಸೆಯಾಯಿತು. ಸುತ್ತ ನೋಡಿ ಚೀಟಿ ಅದಲುಬದಲು ಮಾಡಿದೆ.

ತಿಕೋಟಾದವರು ತಡವಾಗಿ ಬಂದರು. ಚೀಟಿ ಓದಿದರು. ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಬಹುಮಾನ ಆರಿಸಲು ಕಾಖಂಡಕಿಯ ಹಿರಿಯ ರೈತರೊಬ್ಬರನ್ನು ಕರೆಸಿದ್ದರು. ಅವರು ಮೊದಲು ನನ್ನ ಚೀಟಿ ಇದ್ದ ತೆಳು ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದರು.

“ಏನ್ರಿ ಇದು? ಊದಿದ್ರ ಹಾರತೈತಿ. ಇದರಾಗ ಮಜ್ಜಿಗಿ ಹಾಕಿದ್ರ ಕುಡಿಯೂ ತನಕಾ ಇರತೈತೋ ಇಲ್ಲೋ. ಮಾಸ್ತರ ಮಂದಿಗೆ ಬ್ಯಾರೆ ಕೆಲಸಾ ಇರಂಗಿಲ್ಲ ನೋಡ್ರಿ.”

ಆಮೇಲೆ ನನ್ನ ಒರಳನ್ನು ಎರಡೂ ಕೈಯಿಂದ ಎತ್ತಿದರು. ಗುದ್ದಿ ನೋಡಿದರು. ನೆಲಕ್ಕೆ ಬಿಟ್ಟರು. ಧಡ್ ಎಂದಿತು. ಬಟ್ಟಲಿಗೆ ಏನೂ ಆಗಲಿಲ್ಲ, ನೆಲದ ಫರಸಿ ಕಲ್ಲಿನ ಒಂದು ಚೂರು ಎದ್ದಿತು.

“ಇದಕ್ಕ ಅಂತಾರ ಬಟ್ಟಲಾ! ಎಮ್ಮಿ ಕಾಲಿಟ್ರೂ ಅಳುಕೂದಿಲ್ಲ. ಯಾರದಿದು? ತಿಕೋಟಾದವರದಾ? ಬರ್ರಿ ಮುಂದ!”

ನಾನು ಅರ್ಧ ಎದ್ದಿದ್ದೆ. ಅದು ನನ್ನದು ಎನ್ನಬೇಕೆಂದರೆ ಚೀಟಿ ಬದಲಿಸಿದ್ದನ್ನೂ ಹೇಳಬೇಕಿತ್ತು, ಹಾಗೇ ಕೂತೆ. ತಿಕೋಟಾದವರು ಮುಂದೆ ಹೋಗಿ ಹಿತ್ತಾಳೆಯ ತಂಬಿಗೆ ಇಸಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿದ್ದ ನನ್ನ ಹೆಂಡತಿ ಪಕ್ಕದವಳಿಗೆ ಹೇಳುತ್ತಿದ್ದುದು ನನಗೂ ಕೇಳಿತು: “ನಮ್ಮ ಮನಿಯವರೂ ಕಡೀತಾರವ್ವಾ. ಆದ್ರ ಹಿಂಗ ಬರೂದಿಲ್ಲ.”

ತಿರುಗಿ ವಿಜಾಪುರಕ್ಕೆ ಬರುವಾಗ ಎಲ್ಲರೂ ಒಂದೇ ಬಸ್ಸಿನಲ್ಲಿದ್ದೆವು. ಆಗಿನ ಬಸ್ಸುಗಳು ಪೆಟ್ರೋಲು ಸಿಗದೆ ಹಿಂದೊಂದು ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು, ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅರ್ಧ ದಾರಿಗೆ ನಿಂತಿತು. ಕ್ಲೀನರ್ ಇಳಿದು ಹಿಂದಿನ ಒಲೆ ಕೆದಕತೊಡಗಿದ. ತಿಕೋಟಾದವರು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು, ತಂಬಿಗೆಯನ್ನು ನನ್ನ ತೊಡೆಯ ಮೇಲಿಟ್ಟರು.

“ಇದು ನಿಮ್ದರಿ, ಮಾಸ್ತರ.”

ನನಗೆ ತಲೆ ಎತ್ತಲಾಗಲಿಲ್ಲ. “ಗೊತ್ತಾಗಿತ್ತಲ್ರಿ ನಿಮಗ. ಅಲ್ಲೇ ಎದ್ದು ಹೇಳಬಾರದಾಗಿತ್ತಾ?” ಅಂದೆ.

“ಹೇಳಬೇಕಂತನ ಎದ್ದಿದ್ದೆ. ಆದ್ರ ಇಷ್ಟು ವರ್ಷದಾಗ ನಿಮ್ಮ ಕೆಲಸಾ ಹೊಗಳಿದ ಮನಷ್ಯಾ ಆ ಕಾಖಂಡಕಿಯವರೊಬ್ರ. ನಡುವ ಹೆಂಗ ಬಾಯಿ ಹಾಕ್ಲಿರಿ?” ಅಂದರು. ಆಮೇಲೆ ದನಿ ಸಣ್ಣದು ಮಾಡಿ, “ಖರೇ ಹೇಳಬೇಕಂದ್ರ, ಅವರು ನಿಮ್ಮ ಬಟ್ಟಲಾ ಎತ್ತಿ ಹಿಡಿದಾಗ ನನಗ ಹೊಟ್ಟಿ ಉರೀತ್ರಿ” ಅಂದರು.

ನನ್ನ ಮೈಯೆಲ್ಲ ಹಗುರಾಯಿತು. ಅಂಥ ತಂಪು ನನಗೆ ಜನ್ಮದಲ್ಲಿ ಆಗಿರಲಿಲ್ಲ.

“ಏನಂದ್ರಿ?”

“ಹೊಟ್ಟಿ ಉರೀತ್ರಿ ಅಂದೆ.”

“ಬಸ್ಸಿನ ಸಪ್ಪಳದಾಗ ಕೇಳವಲ್ದು. ಒಂದೀಟು ಜೋರ ಅನ್ರಿ.”

ಪಾಪ, ಅವರು ಬಸ್ಸಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದರು. ಹಿಂದಿನ ಸೀಟಿನಿಂದ ನನ್ನ ಹೆಂಡತಿ ಮುಂದೆ ಬಾಗಿ ಕೇಳಿದಳು: “ಏನ್ರೀ, ಬಸ್ಸು ನಿಂತು ಅರ್ಧಾ ತಾಸಾತು. ಯಾವ ಸಪ್ಪಳರೀ?”