ಬಾಣಂತಿ ವಾರ್ಡಿನ ಮಾಸ್ಕಿನ ದಿನಗಳು

ಹೆರಿಗೆ ವಾರ್ಡಿನ ನರ್ಸಿಗೆ ನಗಲು ಬೇರೆಲ್ಲೂ ಹೋಗಬೇಕಿಲ್ಲ. ದಿನಕ್ಕೊಂದು ಪ್ರಸಂಗ ತಾನಾಗಿ ನಡೆದೇ ನಡೆಯುತ್ತದೆ. ಕೊರೊನಾ ಕಾಲದಲ್ಲೂ ಅದು ನಿಲ್ಲಲಿಲ್ಲ. ಆಗ ನನ್ನನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಎಲ್ಲಿ ಜನ ಕಡಿಮೆಯೋ ಅಲ್ಲಿಗೆ ಓಡಿಸುತ್ತಿದ್ದರು. ಆ ದಿನಗಳ ಕಥೆ ಹೇಳಿ ಈಗಲೂ ಎಲ್ಲರನ್ನೂ ನಗಿಸುತ್ತೇನೆ. ಹೇಳಿ ಮುಗಿಸಿದ ಮೇಲೆ ಮಾತ್ರ ನನಗೇ ಪಿಚ್ಚೆನಿಸುತ್ತದೆ.

ಊಟದ ಹೊತ್ತು

ಸಾಗರದಲ್ಲಿ ಒಂದು ಬೆಳಿಗ್ಗೆ ವಾರ್ಡಿಗೆ ಹೋದರೆ, ಎರಡು ದಿನದ ಕೂಸಿನ ಮುಖಕ್ಕೆ ಹೂವಿನ ಚಿತ್ರದ ಮಾಸ್ಕು! ಅಪ್ಪ ಟೈಲರ್, ತಾನೇ ಹೊಲಿದು ತಂದಿದ್ದ. ಓಡಿಹೋಗಿ ಕಿತ್ತೆ.

"ಉಸಿರು ಕಟ್ಟಿದ್ರೆ ಏನ್ರೀ ಗತಿ? ಇಷ್ಟು ಸಣ್ಣ ಮಕ್ಕಳಿಗೆ ಹಾಕಬಾರ್ದು!"

"ಮಾಸ್ಕ್ ಇಲ್ದೆ ಯಾರೂ ಒಳಗಿರಂಗಿಲ್ಲ ಅಂತ ನಿನ್ನೆ ಕೂಗಿದ್ದು ನೀವೇ ಅಲ್ವಾ ಸಿಸ್ಟರ್?"

ಕೂಗಿದ್ದು ನಿಜ. ಚಿಕ್ಕಮಕ್ಕಳ ವಿಷಯ ಬಿಡಿಸಿ ಹೇಳಲು ನನಗೆ ಪುರುಸೊತ್ತಿರಲಿಲ್ಲ.

"ಅದು ದೊಡ್ಡೋರಿಗೆ ಮಾರಾಯ. ಇದನ್ನ ಕಟ್ಟಿದ್ರೆ ಮಗು ಹಾಲು ಕುಡಿಯೋದು ಹ್ಯಾಗೆ?"

ಅವನು ಜೇಬಿನಿಂದ ಇನ್ನೊಂದು ಮಾಸ್ಕ್ ತೆಗೆದ. ನಡುವೆ ಕತ್ತರಿಸಿ, ಸುತ್ತಲೂ ನೀಟಾಗಿ ಕಾಜಾ ಹೊಲಿದಿದ್ದ.

"ಇದು ಊಟದ ಹೊತ್ತಿಗೆ."

ಕೆನೆ

ಹೊಸನಗರದ ಹಳ್ಳಿಯೊಂದರಲ್ಲಿ ಬಾಣಂತಿಗೆ ಕೊರೊನಾ ಬಂತು. ಮನೆಯಲ್ಲೇ ಬೇರೆ ಕೋಣೆಯಲ್ಲಿ ಮಲಗಿದ್ದಳು. ಅವಳ ಅತ್ತೆ ಫೋನ್ ಮಾಡಿದರು. "ಏಳೋಕೂ ತ್ರಾಣ ಇಲ್ಲ ಅವಳಿಗೆ. ಕೂಸಿನ ಹಾಲಿಗೆ ಎಂತ ಮಾಡೋದು?"

"ಕೈ ತೊಳ್ಕೊಂಡು ಹಾಲು ಹಿಂಡಿ ಕೊಡೋಕೆ ಹೇಳಿ. ನೀವು ಒಳಲೆಯಲ್ಲಿ ಕುಡಿಸಿ" ಅಂದವಳೇ ಫೋನ್ ಇಟ್ಟೆ. ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ಮೂರು ದಿನ ಬಿಟ್ಟು ಮತ್ತೆ ಫೋನ್ ಬಂತು. "ಸೊಸೆ ಹಾಲಲ್ಲಿ ಸತ್ವಾನೇ ಇಲ್ಲ ಸಿಸ್ಟರ್. ಪೌಡರ್ ಡಬ್ಬಿ ತರ್ಸಿದೀವಿ."

"ಸತ್ವ ಇಲ್ಲ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಉಕ್ಕು ಬರೋ ತನಕ ಕಾಯಿಸಿದೀನಿ. ಒಂದೆಳೆ ಕೆನೆ ಕಟ್ಲಿಲ್ಲ!"

ತಡೆಯಲಾರದೆ ನಕ್ಕುಬಿಟ್ಟೆ. ಆಗ ಫೋನಿನಲ್ಲಿ ಹಿಂದಿನಿಂದ ಆ ಬಾಣಂತಿ ಅಳುವುದು ಕೇಳಿಸಿತು. ತನ್ನ ಹಾಲು ಕೆಲಸಕ್ಕೆ ಬಾರದ್ದು ಅಂತ ನಂಬಿ, ಹಿಂಡುವುದನ್ನೇ ಬಿಟ್ಟಿದ್ದಳು. 'ಕಾಯಿಸಬೇಡಿ' ಅನ್ನುವ ಒಂದು ಮಾತು ನಾನು ಮೊದಲೇ ಹೇಳಿದ್ದರೆ ಮುಗಿಯುತ್ತಿತ್ತು. ದಿನಾ ಫೋನಿನಲ್ಲಿ ಧೈರ್ಯ ಹೇಳಿ, ಮತ್ತೆ ಮತ್ತೆ ಮಗುವನ್ನು ಎದೆಗೆ ಹಾಕಿಸಿ, ಹಾಲು ಮೊದಲಿನಂತಾಗಲು ಎರಡು ವಾರ ಹಿಡಿಯಿತು. ಅತ್ತೆಗೆ ಮಾತ್ರ ಕೊನೆಗೂ ಸಮಾಧಾನವಿಲ್ಲ.

"ನೀವು ಎಂತದೇ ಹೇಳಿ, ನಮ್ಮ ಕೊಟ್ಟಿಗೆ ಗೌರಿ ಹಾಲು ಬೆರಳು ದಪ್ಪ ಕೆನೆ ಕಟ್ಟುತ್ತೆ."

ಎರಡನೇ ಪುಟ

ಇದಕ್ಕೂ ಮೊದಲು, ಕೊರೊನಾದ ಹೊಸತರಲ್ಲಿ, ತೀರ್ಥಹಳ್ಳಿ ಕಡೆಯ ಟೀಚರೊಬ್ಬಳಿಗೆ ಹೆರಿಗೆಯಾದ ಮರುದಿನವೇ ಪಾಸಿಟಿವ್ ಬಂತು. ನಾನು ಮಗುವನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟು ಬೇರೆ ಕೋಣೆಗೆ ಕಳಿಸಿದೆ, ಪೌಡರ್ ಹಾಲು ಕುಡಿಸಲು ಹೇಳಿದೆ. "ಒಂದ್ಸಲ ಎದೆಗೆ ಹಾಕ್ಕೊಳ್ತೀನಿ ಅಕ್ಕ" ಅಂದಳು. "ಮಗು ಬದುಕೋದು ಬೇಡ್ವಾ?" ಅಂದೆ. ಮತ್ತೆ ಕೇಳಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಕಿಟಕಿ ಹತ್ತಿರ ನಿಂತು ಮಗುವಿನ ಅಳು ಕೇಳಿಸಿಕೊಳ್ಳುತ್ತಿದ್ದಳು.

ಆರನೇ ದಿನ ಡಾಕ್ಟರಮ್ಮ ಕರೆದು ಕೇಳಿದರು. "ಸುತ್ತೋಲೆ ಓದಿದ್ರಾ?" ಓದಿದ್ದೆ, ಮೊದಲ ಪುಟ. ಎರಡನೆಯದರಲ್ಲಿತ್ತು: ತಾಯಿ ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಬಹುದು, ಬಿಡಿಸಬೇಕಿಲ್ಲ.

ಮಗುವನ್ನು ತಂದು ಅವಳ ಮಡಿಲಲ್ಲಿಟ್ಟೆ. ತಪ್ಪಾಯಿತು ಅಂದೆ. ಅವಳು ಮಾಸ್ಕ್ ಸರಿಮಾಡಿಕೊಂಡು ಮಗುವನ್ನು ಎದೆಗೆ ಹಾಕಿಕೊಂಡಳು. ಮೊದಲು ಬಾಯಿ ತಿರುಗಿಸಿದ ಮಗು ಎರಡು ದಿನದಲ್ಲಿ ಸರಿಯಾಗಿ ಕುಡಿಯತೊಡಗಿತು.

ಒಂದೂವರೆ ತಿಂಗಳಾದ ಮೇಲೆ ಮಗುವಿನ ಚುಚ್ಚುಮದ್ದಿಗೆ ಬಂದಳು. ಬಂದವಳೇ ಅಂದಳು, "ಒಂದು ಫಜೀತಿ ಆಗಿದೆ ಅಕ್ಕ. ವಾಸಿಯಾಗಿ ನಾನು ಮಾಸ್ಕ್ ತೆಗೆದ ದಿನ ನನ್ನ ಮುಖ ನೋಡಿ ಮಗಳು ಕಿಟಾರನೆ ಕಿರುಚಿದ್ಲು. ಮತ್ತೆ ಹಾಕ್ಕೊಂಡ್ರೆ ಗಟಗಟ ಕುಡೀತಾಳೆ. ಅವರಪ್ಪ ಮಾಸ್ಕ್ ಹಾಕಿ ಎತ್ಕೊಂಡ್ರೆ ಅವರ ಅಂಗಿಗೇ ಬಾಯಿ ಹಾಕ್ತಾಳೆ!"

ವಾರ್ಡಿಗೆ ವಾರ್ಡೇ ನಕ್ಕಿತು. ತೂಕ ನೋಡಲು ನಾನು ಮಗುವನ್ನು ಎತ್ತಿಕೊಂಡೆ. ನನ್ನ ಮಾಸ್ಕನ್ನೇ ಒಂದು ಗಳಿಗೆ ದಿಟ್ಟಿಸಿದ ಕೂಸು, ಸೀದಾ ನನ್ನ ಯೂನಿಫಾರ್ಮಿನ ಪೆನ್ನಿನ ಜೇಬಿಗೆ ಬಾಯಿ ಹಾಕಿ ಚೀಪತೊಡಗಿತು. ಆರು ದಿನ ಹಾಲು ತಪ್ಪಿಸಿದವಳ ಹತ್ತಿರವೇ ಹಾಲು ಕೇಳುತ್ತಿತ್ತು.

ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಆ ನಗು ಕೊನೆಗೆ ಏನಾಯಿತು ಅಂತ ಯಾರಿಗೂ ಕಾಣಲಿಲ್ಲ.