ನನ್ನ ನಡಿಗೆಗೆ ನನಗೇ ತಾಲೀಮು

ನಡೆಯುವುದನ್ನು ಒಂದು ವರ್ಷದ ಕೂಸಿದ್ದಾಗ ಕಲಿತರೆ ಮುಗಿಯಿತು, ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ನನ್ನ ಮಟ್ಟಿಗೆ ಅದು ಸುಳ್ಳು. ನಲವತ್ತು ದಾಟಿದ ಮೇಲೆ ನಮ್ಮ ಶಾಲೆಯ ದೈಹಿಕ ಶಿಕ್ಷಕರಾದ ಹಟ್ಟಿ ಸರ್ ನಾನು ಹೇಗೆ ನಡೆಯಬೇಕೆಂದು ನನಗೇ ತೋರಿಸಿಕೊಟ್ಟರು. ಅದು ನನ್ನಂಥವರ ನಡಿಗೆಯಂತೆ. ನನ್ನಂಥವರು ಎಂದರೆ, ಗಂಡಸಾಗಿದ್ದು ಗಂಡಸರನ್ನೇ ಪ್ರೀತಿಸುವವರು. ಈಗಿನವರು ಗೇ ಎನ್ನುತ್ತಾರೆ. ನಾನು ತುಕ್ಕಾನಟ್ಟಿಯಲ್ಲಿ ಬೆಳೆಯುವಾಗ ಅದಕ್ಕೊಂದು ಹೆಸರಿರಲಿಲ್ಲ, ಬರೀ ನಗುವಿತ್ತು.

ಆ ನಗು ಬರುತ್ತಿದ್ದುದು ಟಿವಿಯಿಂದ. ಸಿನಿಮಾದಲ್ಲಿ ಅಂಥವನೊಬ್ಬ ಬಂದನೆಂದರೆ ಗುಲಾಬಿ ಅಂಗಿ, ಕೊರಳಿಗೆ ಕರವಸ್ತ್ರ, ಬಳುಕುವ ಸೊಂಟ. ನಾಯಕ ಅವನ ಕೆನ್ನೆಗೊಂದು ಬಾರಿಸಬೇಕು, ನಾವು ನಗಬೇಕು. ಹೈಸ್ಕೂಲಿನಲ್ಲಿದ್ದಾಗ ನನ್ನ ಮೇಲೆ ನನಗೇ ಅನುಮಾನ ಬಂದು, ಮನೆಯಲ್ಲಿ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ಹಾಗೆ ನಡೆದು ನೋಡಿದೆ. ಬರಲಿಲ್ಲ. ಸೊಂಟ ಉಳುಕಿತು. ಸದ್ಯ, ನಾನು ಅಂಥವನಲ್ಲ ಎಂದು ಸಮಾಧಾನಪಟ್ಟುಕೊಂಡು ಎಣ್ಣೆ ತಿಕ್ಕಿಕೊಂಡೆ. ಎಣ್ಣೆ ಕೆಲಸ ಮಾಡಿತು, ಸಮಾಧಾನ ಬಹಳ ದಿನ ಬಾಳಲಿಲ್ಲ.

ಈಗ ಗೋಕಾಕದಲ್ಲಿ ಅಕ್ಕನ ಮನೆಯಲ್ಲಿದ್ದು, ದಿನಾ ಬಸ್ಸಿನಲ್ಲಿ ಹೋಗಿ ಬಂದು ಮೂಡಲಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಅಕ್ಕನಿಗೆ ವಿಷಯ ಗೊತ್ತು. "ನನಗ ಹೇಳಿದ್ದು ಛಲೋ ಆತು. ಸಾಲ್ಯಾಗ ಮಾತ್ರ ಬಾಯಿ ಬಿಡಬ್ಯಾಡಪಾ" ಎಂದಿದ್ದಳು. ಈ ವರ್ಷದ ಗ್ಯಾದರಿಂಗ್ ಬರುವತನಕ ನಾನೂ ಬಿಟ್ಟಿರಲಿಲ್ಲ. ಗ್ಯಾದರಿಂಗ್ ಎಂದರೆ ನಮ್ಮ ಸ್ನೇಹ ಸಮ್ಮೇಳನ. ಅದರಲ್ಲಿ ಶಿಕ್ಷಕರದೂ ಒಂದು ನಾಟಕ ಆಗಲೇಬೇಕು. ಈ ಸಲ ಬಸ್ ಸ್ಟ್ಯಾಂಡಿನಲ್ಲಿ ನಡೆಯುವ ನಗೆನಾಟಕ, ನಿರ್ದೇಶನ ನನ್ನದು. "ಜನಾ ನಗಬೇಕಂದ್ರ ಅಂಥಾದೊಂದು ಪಾತ್ರ ಬೇಕ್ರಿ" ಎಂದು ಹಟ್ಟಿ ಸರ್ ತಾವೇ ಆ ಪಾತ್ರ ಹಿಡಿದರು. ವಾಲಿಬಾಲ್ ಆಡಿ ಗಟ್ಟಿಯಾದ ಮೈ, ಪೊದೆ ಮೀಸೆ. ಸ್ಟಾಫ್ ರೂಮಿನ ಈ ತುದಿಯಿಂದ ಆ ತುದಿಗೆ ಬಳುಕಿ ಬಳುಕಿ ನಡೆದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸರ, ನೀವೂ ಒಮ್ಮೆ ನಡದು ತೋರಿಸ್ರಿ, ನಂದೆಲ್ಲಿ ತಪ್ಪತೈತಿ ನೋಡೂಣು" ಎಂದರು ಹಟ್ಟಿ ಸರ್, ನಿರ್ದೇಶಕನಾದ ನನಗೆ. ನಾನು ಎದ್ದು ನಡೆದೆ. "ಛೇ, ಹಂಗಲ್ರಿ! ನಿಮ್ಮದು ಖರೆ ಅನಸವಲ್ದು. ಕೈ ಸಡಿಲ ಬಿಡ್ರಿ, ಸೊಂಟ ತಿರುವ್ರಿ!" ಎನ್ನುತ್ತ ನನ್ನ ಹೆಗಲು ಹಿಡಿದು ತಿದ್ದತೊಡಗಿದರು.

ಇಷ್ಟು ವರ್ಷ ಹೆದರಿಕೆಯನ್ನು ಜೋಪಾನವಾಗಿ ಸಾಕಿದವನಿಗೆ ಆ ಗಳಿಗೆ ಏನಾಯಿತೋ. "ಹಟ್ಟಿ ಸರ, ನಾ ಅಂಥಾವನ ಅದೇನಿ. ಖರೇನ. ಹುಟ್ಟಿದಾಗಿಂದ ಹಿಂಗ ನಡಕೋತ ಬಂದೇನಿ" ಎಂದುಬಿಟ್ಟೆ.

ನಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನೌಕರಿ ಹೋಯಿತು, ಮಕ್ಕಳ ಮುಂದೆ ನಿಲ್ಲುವುದು ಇನ್ನು ಮುಗಿಯಿತು ಎಂದುಕೊಂಡೆ. ಹಟ್ಟಿ ಸರ್ ಹೆಗಲ ಮೇಲಿನ ಕೈ ತೆಗೆಯಬೇಕೋ ಬಿಡಬೇಕೋ ತಿಳಿಯದೆ ನಿಂತರು. ಕೊನೆಗೂ ತೆಗೆಯಲಿಲ್ಲ. "ಮೊದಲ ಹೇಳಬಾರದೇನ್ರಿ? ವಾರದಿಂದ ಸೊಂಟ ಹಾಳ ಮಾಡ್ಕೊಂಡೇನಲ್ರಿ ನಾ!" ಎಂದರು. ಆಮೇಲೆ ದನಿ ತಗ್ಗಿಸಿ, "ತಪ್ಪಾತ್ರಿ. ಹಂಗಾರ ಈ ಪಾತ್ರ ಹೆಂಗ ಮಾಡ್ಲಿ?" ಎಂದು ಕೇಳಿದರು.

"ನನ್ನಂಗ ಮಾಡ್ರಿ."

ಮಾಡಿದರು. ಗ್ಯಾದರಿಂಗ್ ದಿನ ಹಟ್ಟಿ ಸರ್ ಬಗಲಲ್ಲಿ ಚೀಲ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಒಂದು ಚಪ್ಪಲಿಯನ್ನು ಹಿಂದೆ ಬಿಟ್ಟು ಗೋಕಾಕ ಬಸ್ಸಿನ ಬೆನ್ನು ಹತ್ತಿ ಓಡಿದರು. ದಿನಾ ಸಂಜೆ ಹೀಗೆ ಓಡುವುದು ಯಾವ ಸರ್ ಎಂದು ಮಕ್ಕಳಿಗೆ ಹೇಳಬೇಕಾಗಲಿಲ್ಲ. ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನಾಟಕದ ಕಾಕಾ ಅಡ್ಡಬಂದು ಹುಕ್ಕೇರಿಯ ಹೆಣ್ಣೊಂದರ ಸುದ್ದಿ ತೆಗೆದ. ಹಟ್ಟಿ ಸರ್ ನಿಂತು, ಒಂದು ಚೂರೂ ಬಳುಕದೆ, "ಕಾಕಾ, ನನಗ ಹೆಣ್ಣ ನೋಡಬ್ಯಾಡ. ನನ್ನ ಮನಸ್ಸ ಗಂಡಸರ ಕಡೆ ಐತಿ" ಎಂದರು.

ಮೈದಾನ ತಣ್ಣಗಾಯಿತು. ಪರದೆಯ ಹಿಂದಿನಿಂದ ನಾನು ಇಣುಕಿದೆ. ಆಗ ಮುಂದಿನ ಸಾಲಿನಲ್ಲಿ ಒಬ್ಬಳು ಚಪ್ಪಾಳೆ ತಟ್ಟಿದಳು. ಬಾಯಿ ಬಿಡಬೇಡ ಎಂದಿದ್ದ ನನ್ನ ಅಕ್ಕ! ಆಕೆಯ ಬಾಜೂ ಕೂತಿದ್ದ ತಾಯಂದಿರು ತಟ್ಟಿದರು, ಮಕ್ಕಳು ತಟ್ಟಿದರು, ಗೇಟಿನ ಹತ್ತಿರ ಬೈಕಿಗೆ ಒರಗಿ ನಿಂತಿದ್ದ ಗಂಡಸರೂ ತಟ್ಟಿದರು. ಎಲ್ಲರೂ ಅಲ್ಲ, ಕೆಲವರು ಬೈಕು ಹತ್ತಿ ಹೋದರು. ಚಪ್ಪಾಳೆಯ ಗದ್ದಲದಲ್ಲಿ ಅವು ಹೋದ ಸದ್ದು ನನಗೆ ಕೇಳಿಸಲಿಲ್ಲ.

ಮರುದಿನ ಹೆಡ್ ಮೇಡಂ ಕರೆಸಿದರು. "ನಿಮ್ಮ ಮ್ಯಾಲ ಕಂಪ್ಲೇಂಟ್ ಬಂದೈತ್ರಿ." ಬಸ್ಸಿನಲ್ಲಿ ದಾರಿಯುದ್ದಕ್ಕೂ ತಯಾರಿಸಿಕೊಂಡಿದ್ದ ಭಾಷಣಕ್ಕೆ ನಾನು ಎದೆ ಸೆಟೆಸಿ ಬಾಯಿ ತೆರೆದೆ. ಘನತೆ, ಹಕ್ಕು, ಸಂವಿಧಾನ ಎಲ್ಲ ಇತ್ತು ಅದರಲ್ಲಿ. ಮೇಡಂ ಕೈ ಅಡ್ಡ ಹಿಡಿದರು.

"ನಾಟಕದ್ದಲ್ರಿ. ಅದರ ಬಗ್ಗೆ ಕೇಳಾಕ ಬಂದವರಿಗೆ ನಾ ಉತ್ತರಾ ಕೊಟ್ಟ ಕಳಿಸೇನಿ. ಹತ್ತನೇ ಕ್ಲಾಸಿನ ಹುಡುಗ್ಯಾರು ಬಂದಿದ್ರು. ಸಂತಾನೋತ್ಪತ್ತಿ ಪಾಠಾ ಮನ್ಯಾಗ ಓದ್ಕೋರಿ ಅಂದೀರಂತ?"

ಸಂವಿಧಾನ ಗಂಟಲಲ್ಲೇ ಉಳಿಯಿತು.

"ಊರ ಮುಂದ ಅಷ್ಟ ದೊಡ್ಡ ಮಾತ ಆಡಿಸಿದವರು, ಆ ಪಾಠಕ್ಕ ಯಾಕ ನಾಚ್ತೀರಿ? ನಾಳಿ ಹೇಳ್ರಿ."

ಹೇಳಿದೆ. ಅಷ್ಟು ಜನರ ಚಪ್ಪಾಳೆ ಗೆದ್ದು ಬಂದ ಧೀರನಾದ ನಾನು, ಪಾಠ ಮುಗಿಯುವವರೆಗೂ ಬೋರ್ಡಿನ ಕಡೆಯಿಂದ ಮುಖ ತಿರುಗಿಸಲಿಲ್ಲ. ಕಿವಿ ಕೆಂಪಗಾದದ್ದು ಕೊನೆಯ ಬೆಂಚಿನವರೆಗೂ ಕಾಣುತ್ತಿತ್ತಂತೆ.